ಮಂಡಿ ಕೊಟ್ಟು ತೆಗೆಯುವ ಬಾಗಿಲು

ಗುಬ್ಬಿಯ ನಮ್ಮ ಮನೆಯ ಮುಂಬಾಗಿಲು ತೆಗೆಯುವುದಕ್ಕೆ ಒಂದು ಕ್ರಮವಿತ್ತು. ಬೀಗ ತೆಗೆದಾದ ಮೇಲೆ ಹಿಡಿಯನ್ನು ಎರಡೂ ಕೈಯಿಂದ ಹಿಡಿದು ಬಾಗಿಲನ್ನು ತುಸು ಮೇಲಕ್ಕೆತ್ತಬೇಕು. ಎತ್ತಿದ್ದನ್ನು ಬಿಡದೆ ಮೈಯನ್ನು ಎಡಕ್ಕೆ ವಾಲಿಸಬೇಕು. ವಾಲುತ್ತಿರುವಾಗಲೇ ಬಲಗಾಲಿನ ಮಂಡಿಯಿಂದ ಕೆಳಗಿನ ಹಲಗೆಗೆ ಒಂದು ಗುದ್ದು ಕೊಡಬೇಕು. ಎಲ್ಲವೂ ಒಂದೇ ಉಸಿರಿನಲ್ಲಿ ಆಗಬೇಕು. ಗುದ್ದು ಮೊದಲಾಗಿ ಎತ್ತುವುದು ಹಿಂದಾದರೆ ಬಾಗಿಲು ಹೊಸ್ತಿಲನ್ನು ಕಚ್ಚಿಕೊಂಡು ಕೂತುಬಿಡುತ್ತಿತ್ತು. ಒಳಗಿನಿಂದ ತೆಗೆಯುವ ಕ್ರಮವೇ ಬೇರೆ, ಅದರಲ್ಲಿ ಕಾಲಿನ ಹೆಬ್ಬೆರಳಿಗೂ ಕೆಲಸವಿತ್ತು. ಮನೆಗೆ ಬಂದ ನೆಂಟರು “ಬರ್ತೀವಿ” ಎಂದು ಎದ್ದು ನಿಂತು, ಎಲೆ ಅಡಿಕೆ ತಗೊಂಡು, ಮತ್ತೊಂದು ಸಲ “ಬರ್ತೀವಿ” ಎಂದರೂ, ನಾನೋ ಅಪ್ಪನೋ ಬಂದು ಬಾಗಿಲು ತೆಗೆಯುವ ತನಕ ಹೊರಡುವಂತಿರಲಿಲ್ಲ. ನನ್ನ ಬಲಮಂಡಿಯ ಮೇಲೆ ಈಗಲೂ ಒಂದು ಕಪ್ಪು ಕಲೆಯಿದೆ. ಚಿಕ್ಕಂದಿನಲ್ಲಿ ಬಿದ್ದಿದ್ದೆಯಾ ಎಂದು ಹಾಸ್ಟೆಲಿನ ಗೆಳತಿಯರು ಕೇಳುತ್ತಿದ್ದರು. ಬಿದ್ದದ್ದಲ್ಲ, ದಿನಾ ಮನೆಯೊಳಗೆ ಹೋಗಿದ್ದು ಎಂದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ.

ಬಾಗಿಲೊಂದೇ ಅಲ್ಲ, ಆ ಮನೆಯಲ್ಲಿ ಯಾವ ವಸ್ತುವೂ ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತಿರಲಿಲ್ಲ. ಪಡಸಾಲೆಯ ಟಿವಿಗೆ ಚಿತ್ರ ಬರಬೇಕಾದರೆ ಎಡಗಡೆ ಅಂಗೈಯಿಂದ ತಟ್ಟಬೇಕು, ಜೋರಾಗಿ ಅಲ್ಲ, ಮಗುವಿಗೆ ತೇಗು ಬರಿಸುವ ಹಾಗೆ. ಫ್ಯಾನಿನ ಸ್ವಿಚ್ಚು ಹಾಕಿ ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ಒಮ್ಮೆ ನೂಕಿದರೆ ಮಾತ್ರ ತಿರುಗುವುದು. ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿಗೆ ಕಾಲು ಎರಡೇ, ಗೋಡೆಯಲ್ಲಿ ತೂತು ಮೂರು. ಮೇಲಿನ ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿದರೆ ಕೆಳಗಿನವು ಬಾಯಿಬಿಡುತ್ತಿದ್ದವು. ಟಾರ್ಚಿನ ಸೆಲ್ಲುಗಳು ಹಪ್ಪಳದ ಜೊತೆ ಬಿಸಿಲಿಗೆ ಒಣಗುತ್ತಿದ್ದವು. ಕ್ಯಾಸೆಟ್ಟಿನ ಟೇಪು ಸುತ್ತುವುದಕ್ಕೆ ಪೆನ್ಸಿಲು, ಸ್ಕೂಲ್ ಬ್ಯಾಗಿನ ಜಿಪ್ಪಿಗೆ ಮೇಣದಬತ್ತಿ, ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು. ಅಪ್ಪನ ಸ್ಕೂಟರನ್ನು ಒಂದು ಮಗ್ಗುಲಿಗೆ ಬಗ್ಗಿಸಿ, ಹಾಗೇ ಒಂದು ಗಳಿಗೆ ಹಿಡಿದಿದ್ದು, ನಿಲ್ಲಿಸಿ ಒದ್ದರೆ ಸ್ಟಾರ್ಟ್ ಆಗುತ್ತಿತ್ತು. ಮಿಕ್ಸಿಯದ್ದು ಇನ್ನೂ ದೊಡ್ಡ ಸೇವೆ: ಎಡಗೈಯಿಂದ ಮುಚ್ಚಳ ಅದುಮಿ, ಮಿಕ್ಸಿಯ ತಳದಲ್ಲಿದ್ದ ಕೆಂಪು ಗುಂಡಿಯನ್ನು ಮಂಡಿಯೂರಿ ಹುಡುಕಿ ಒತ್ತಿ, ಸ್ವಿಚ್ಚನ್ನು ಒಂದಕ್ಕೂ ಸೊನ್ನೆಗೂ ನಡುವೆ ಎಲ್ಲೋ ಹಿಡಿದು ನಿಲ್ಲಿಸಬೇಕು. ಆ ‘ಎಲ್ಲೋ’ ಎನ್ನುವುದು ಬೆರಳಿಗೆ ಗೊತ್ತಿರಬೇಕೇ ಹೊರತು ಬಾಯಲ್ಲಿ ಹೇಳುವುದಕ್ಕೆ ಆಗುತ್ತಿರಲಿಲ್ಲ.

ಇದೆಲ್ಲ ಅಪ್ಪನ ಸಾಮ್ರಾಜ್ಯ. ಅಪ್ಪ ಗುಬ್ಬಿಯ ಆಚೆಯ ಹಳ್ಳಿಯೊಂದರಲ್ಲಿ ಮಿಡ್ಲ್‌ಸ್ಕೂಲ್ ಮೇಷ್ಟ್ರು. ಅವರಿಗೆ ಇಸ್ಪೀಟು ಬೇಡ, ರಾಜಕೀಯ ಬೇಡ, ಸಿನಿಮಾ ಬೇಡ, ಬೇಕಾದ್ದು ಉಪಾಯ. ಒಂದು ವಾರಪತ್ರಿಕೆಯಲ್ಲಿ ಓದುಗರು ಕಳಿಸುವ ಮನೆ ಉಪಾಯಗಳಿಗೆ ಒಂದು ಮೂಲೆ ಇತ್ತು. ಕುಕ್ಕರಿನ ಸಡಿಲಾದ ರಬ್ಬರನ್ನು ತಣ್ಣೀರಲ್ಲಿ ಮುಳುಗಿಸಿಟ್ಟರೆ ಬಿಗಿಯಾಗುತ್ತದೆ ಎಂದು ಅಪ್ಪ ಬರೆದದ್ದು ಅಲ್ಲಿ ಅಚ್ಚಾಗಿತ್ತು. ಆಮೇಲೆ ಇನ್ನೂ ಕೆಲವು ಬಂದವು. ಅವನ್ನು ಕತ್ತರಿಸಿ ಬೀರುವಿನ ಬಾಗಿಲ ಒಳಮೈಗೆ ಅಂಟಿಸಿದ್ದರು. ನೆಂಟರು ಬಂದಾಗ ಏನೋ ತೆಗೆಯುವವರ ಹಾಗೆ ಬೀರು ತೆರೆದು, ಅವರ ಕಣ್ಣು ಅತ್ತ ಹೋಗುವ ತನಕ ಮುಚ್ಚುತ್ತಿರಲಿಲ್ಲ. ರಿಪೇರಿ ಎಂಬ ಮಾತು ಕೇಳಿದರೆ ಮಾತ್ರ ಅವರ ಮುಖ ಸಣ್ಣಗಾಗುತ್ತಿತ್ತು.

“ವಸ್ತು ಕೆಟ್ಟಿರಲ್ಲ ಶಶಿ. ಅದರ ಗುಟ್ಟು ನಮಗೆ ಸಿಕ್ಕಿರಲ್ಲ, ಅಷ್ಟೆ.”

ಪಕ್ಕದ ಬೀದಿಯಲ್ಲಿ ಬಡಗಿ ರಹಮತ್ ಇದ್ದರು. ನಮ್ಮ ಮನೆಯ ಮುಂದೆ ಹೋಗುವಾಗೆಲ್ಲ ಅವರು ಆ ಬಾಗಿಲನ್ನು ನೋಡಿ ಸಂಕಟಪಡುತ್ತಿದ್ದರು, ಕುಂಟುವ ದನವನ್ನು ನೋಡಿದ ಹಾಗೆ. ಒಂದು ದಿನ ತಡೆಯಲಾರದೆ ಸೈಕಲ್ ನಿಲ್ಲಿಸಿ ಕೇಳಿಯೇಬಿಟ್ಟರು.

“ಮೇಷ್ಟ್ರೇ, ಅರ್ಧ ಗಂಟೆ ಕೆಲ್ಸ. ಬಾಗ್ಲು ಇಳ್ಸಿ, ಕೆಳಗೆ ಒಂಚೂರು ಉಜ್ಜಿ, ಮತ್ತೆ ಕೂರ್ಸಿ ಹೋಗ್ತೀನಿ.”

“ಅದೇನೂ ಕೆಟ್ಟಿಲ್ಲ ರಹಮತ್,” ಅಪ್ಪ ನಕ್ಕರು. “ಕಳ್ಳ ಬಂದ್ರೂ ತೆಗೆಯಕ್ಕಾಗಲ್ಲ, ಗೊತ್ತಾ?”

“ಒಳಗಿರೋರ್ಗೂ ಆಗಲ್ಲ,” ಎಂದಳು ಅಮ್ಮ. ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಅಷ್ಟೇ ಅಂದದ್ದು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಉಪಾಯ ಕಂಡುಹಿಡಿಯುವುದು ಅಪ್ಪನ ಕೆಲಸ, ದಿನಾ ಅದನ್ನು ನಡೆಸುವುದು ನನ್ನ ಕೆಲಸ ಎಂದು ಯಾವಾಗ ಹಂಚಿಕೆಯಾಯಿತೋ ನನಗೆ ನೆನಪಿಲ್ಲ. ಬಹುಶಃ ನೀರಿನ ಮೋಟಾರಿನಿಂದ ಶುರುವಾಗಿರಬೇಕು. ಹಿತ್ತಿಲಿನ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಹತ್ತಿಸುವ ಆ ಮೋಟಾರು ಸ್ವಿಚ್ಚು ಹಾಕಿದರೆ ‘ಗುಂಯ್’ ಎಂದು ಗೊಣಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಹಿಂದಿನ ಜಾಲರಿಯ ಸಂದಿಯಲ್ಲಿ ಪೊರಕೆಯ ಹಂಚಿಕಡ್ಡಿ ತೂರಿಸಿ ಒಳಗಿನ ಚಕ್ರಕ್ಕೆ ಒಂದು ಸುತ್ತು ಕೊಟ್ಟು, ಥಟ್ಟನೆ ಕಡ್ಡಿ ಎಳೆದುಕೊಳ್ಳಬೇಕು. ಗೋಡೆಗೂ ಮೋಟಾರಿಗೂ ನಡುವೆ ಇದ್ದ ಜಾಗದಲ್ಲಿ ಅಪ್ಪನ ಕೈ ಹಿಡಿಸುತ್ತಿರಲಿಲ್ಲ, ನನ್ನದು ಹಿಡಿಸುತ್ತಿತ್ತು. ಮೊದಲ ಸಲ ಅದು ನನ್ನ ಕೈಯಲ್ಲಿ ಹೊರಟಾಗ ಅಪ್ಪ ನನ್ನನ್ನು ಎತ್ತಿಕೊಂಡು ಅಂಗಳದಲ್ಲಿ ಸುತ್ತಾಡಿದ್ದರು. ಅಪ್ಪನ ತಾಯಿ, ನಮ್ಮ ಅಜ್ಜಿ, ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು.

“ನಮ್ ಶಶಿ ಕೈ ತಾಕಿದ್ರೆ ಸಾಕು, ಕಲ್ಲೂ ತಿರುಗ್ತದೆ ಕಣ್ರೇ.”

ನನಗೆ ಅದು ಬೆಲ್ಲದಷ್ಟು ಸಿಹಿಯಾಗಿತ್ತು. ಸುಳ್ಳೇಕೆ ಹೇಳಲಿ, ಒಂದೊಂದೇ ಉಪಾಯ ಕೈವಶವಾದ ಹಾಗೆ ನಾನು ನೆಲದಿಂದ ನಾಲ್ಕು ಬೆರಳು ಮೇಲೆ ನಡೆಯುತ್ತಿದ್ದೆ. ಅಮ್ಮನಿಗೆ ಇದ್ಯಾವುದೂ ಬರುತ್ತಿರಲಿಲ್ಲ ಎನ್ನುವುದು ನನ್ನ ಹೆಮ್ಮೆಯನ್ನು ಇನ್ನಷ್ಟು ಹೆಚ್ಚಿಸಿತ್ತು. ಅಮ್ಮ ಕುಣಿಗಲ್ ಕಡೆಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಅಪ್ಪ ಮಿಕ್ಸಿಯ ಗುಟ್ಟು ಹೇಳಿಕೊಡಲು ಹೋದರೆ “ನಂಗೆ ಬರಲ್ಲ” ಎಂದಿದ್ದಳಂತೆ. ಫ್ಯಾನು, ಬರಲ್ಲ. ಟಿವಿ, ಬರಲ್ಲ. ಬಾಗಿಲು, ಮುಟ್ಟುವುದೇ ಇಲ್ಲ. ಬೆಳಿಗ್ಗೆ ತೆಂಗಿನಕಾಯಿ ತುರಿದು, ಹುರಿಗಡಲೆ ಮೆಣಸಿನಕಾಯಿ ಸೇರಿಸಿ, ಜಾರನ್ನು ಮಿಕ್ಸಿಯ ಮೇಲೆ ಕೂರಿಸಿ, ನನ್ನನ್ನು ಏಳಿಸಲು ಬರುತ್ತಿದ್ದಳು. ನಾನು ಕಣ್ಣುಜ್ಜಿಕೊಂಡು ಬಂದು ಮಂಡಿಯೂರಿ ಗುಂಡಿ ಹುಡುಕುವ ತನಕ ಆ ಮನೆಯಲ್ಲಿ ಚಟ್ನಿ ಇಲ್ಲ. ಅಜ್ಜಿ ತಟ್ಟೆಯ ಮುಂದೆ ಕೂತು ಸೊಸೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

“ಕುಣಿಗಲ್ ಕುದುರೆ ನಿಂತಂಗೆ ನಿಂತವ್ಳೆ ನೋಡು. ಒಂದು ಸ್ವಿಚ್ಚು ಹಾಕಕ್ಕೂ ಬರದವಳನ್ನ ತಂದು ನನ್ ಮಗನ ಕೊರಳಿಗೆ ಕಟ್ಟವ್ರೆ.”

ಅಮ್ಮ ದೋಸೆ ತಿರುವಿ ಹಾಕುತ್ತಿದ್ದಳು. ಅವಳು ದಡ್ಡಿ ಎಂದು ನಾನೂ ನಂಬಿದ್ದೆ.

ಬೇಸಿಗೆ ರಜೆಗೆ ಕುಣಿಗಲ್‌ಗೆ ಹೋಗುತ್ತಿದ್ದೆವು, ಅಮ್ಮನ ತವರಿಗೆ. ಕೆರೆಯ ಏರಿ ಅಲ್ಲಿಂದ ಹತ್ತಿರ. ಮಾವಂದಿರ ಮಕ್ಕಳೆಲ್ಲ ಸೇರಿ ಏರಿಯ ಮೇಲೆ ಓಡುವುದು, ಮಧ್ಯಾಹ್ನ ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿನ್ನುವುದು. ಅಲ್ಲಿನ ಬಾಗಿಲುಗಳು ಒಂದು ಬೆರಳಿಗೆ ತೆರೆದುಕೊಳ್ಳುತ್ತಿದ್ದವು. ಮೊದಲ ದಿನ ನಾನು ಅಭ್ಯಾಸಬಲದಿಂದ ಮಂಡಿ ಕೊಟ್ಟು ಒಳಗೆ ಮುಗ್ಗರಿಸಿ ಬೀಳುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಆದರೆ ಆಟ ರುಚಿ ಹತ್ತುವಷ್ಟರಲ್ಲಿ ಅಪ್ಪನ ಸ್ಕೂಟರು ಬೀದಿಯ ತುದಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅಪ್ಪ ಇಳಿದು, ನೀರು ಕುಡಿದು, ನನ್ನ ತಲೆ ಸವರಿ ಹೇಳುತ್ತಿದ್ದದ್ದು ಒಂದೇ.

“ನೀನಿಲ್ದೆ ಮನೆ ನಿಂತೋಗಿದೆ ಕಣಮ್ಮ.”

ಆ ಮಾತಿನಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ಬರುವುದಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಅಮ್ಮ ಇನ್ನೂ ನಾಲ್ಕು ದಿನ ಇದ್ದು ಬರುತ್ತಿದ್ದಳು. ಅವಳಿಲ್ಲದೆ ಏನೂ ನಿಲ್ಲುತ್ತಿರಲಿಲ್ಲವಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತು, ಅಪ್ಪನ ಸೊಂಟ ಹಿಡಿದು, ತಿರುಗಿ ನೋಡುತ್ತ ಗುಬ್ಬಿಗೆ ಬರುತ್ತಿದ್ದೆ. ದಾರಿಯುದ್ದಕ್ಕೂ ನಾನಿಲ್ಲದೆ ನಡೆಯುವುದಿಲ್ಲ ಎನ್ನುವ ಜಂಬ. ಆದರೆ ಮಂಡಿ ಕೊಟ್ಟು ಬಾಗಿಲು ತೆಗೆದು ಒಳಗೆ ಹೋದ ಮೇಲೆ ಅದು ನನ್ನ ಹಿಂದೆ ಕಚ್ಚಿಕೊಳ್ಳುವ ಸದ್ದು ಕೇಳಿದರೆ ಅಳು ಬರುತ್ತಿತ್ತು. ಯಾಕೆಂದು ಯಾರಿಗೆ ಹೇಳುವುದು? ಯಾರೂ ನನ್ನನ್ನು ಹೊಡೆದಿರಲಿಲ್ಲ, ಬೈದಿರಲಿಲ್ಲ. ಹೊಗಳಿದ್ದರು ಅಷ್ಟೆ.

ಹೈಸ್ಕೂಲಿನಲ್ಲಿದ್ದಾಗ ನಡೆದ ಒಂದು ಘಟನೆ ಊರಿಗೆಲ್ಲ ನಗೆಯಾಯಿತು. ನಮ್ಮ ಬಚ್ಚಲಿನ ಬಾಗಿಲಿಗೆ ಒಳಗೊಂದು ಚಿಲಕ. ಅದು ಹಾಕುವಾಗ ಸಲೀಸು, ತೆಗೆಯುವಾಗ ಮೊಂಡು. ಬಾಗಿಲನ್ನು ನಮ್ಮ ಕಡೆಗೆ ಎಳೆದುಕೊಂಡು, ಚಿಲಕವನ್ನು ಓರೆ ಮಾಡಿ ಎಳೆಯಬೇಕು. ಹೊರಗಿನಿಂದಾದರೆ ಸಂದಿಯಲ್ಲಿ ಸ್ಟೀಲ್ ಸ್ಕೇಲು ತೂರಿಸಿ ಚಿಲಕವನ್ನು ಮೀಟಬೇಕು. ಅಪ್ಪ ಹಲ್ಲುನೋವೆಂದು ರಜೆ ಹಾಕಿ ಡಾಕ್ಟರ ಹತ್ತಿರ ಹೋಗಿದ್ದ ದಿನ, ಅವರ ಸ್ಕೂಲಿನ ಹೆಡ್‌ಮೇಷ್ಟ್ರು ನೋಡಿಕೊಂಡು ಹೋಗಲು ಮನೆಗೆ ಬಂದರು. ಕಾಫಿ ಕುಡಿದರು, ಕೈ ತೊಳೆಯುತ್ತೇನೆಂದು ಬಚ್ಚಲಿಗೆ ಹೋದರು, ದೊಡ್ಡ ಮನುಷ್ಯರ ಅಭ್ಯಾಸದಂತೆ ಚಿಲಕ ಹಾಕಿಕೊಂಡರು. ನಾನು ಕ್ಲಾಸಿನಲ್ಲಿದ್ದೆ. ಸಮಾಜದ ಪಾಠ ನಡೆಯುತ್ತಿತ್ತು. ಕಿಟಕಿಯ ಸರಳುಗಳ ನಡುವೆ ಅಜ್ಜಿಯ ಮುಖ ಕಾಣಿಸಿತು. ಓಡಿ ಬಂದು ಏದುಸಿರು ಬಿಡುತ್ತಿದ್ದಳು.

“ಶಶೀ, ಬಾರೇ ಬೇಗ! ನಿಮ್ಮಪ್ಪನ ಹೆಡ್‌ಮೇಷ್ಟ್ರು ಬಚ್ಚಲಲ್ಲಿ ಸಿಕ್ಕಾಕ್ಕೊಂಡವ್ರೆ!”

ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಪಾಠ ಮಾಡುತ್ತಿದ್ದ ಮೇಡಂ ಕೂಡ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಸ್ಕೇಲು ಹಿಡಿದು ಅಜ್ಜಿಯ ಹಿಂದೆ ಓಡಿದೆ. ಮನೆಯಲ್ಲಿ ಹೆಡ್‌ಮೇಷ್ಟ್ರು ಒಳಗಿನಿಂದ “ಅಮ್ಮಾ, ಯಾರಾದ್ರೂ ಇದ್ದೀರಾ?” ಎಂದು ಕೂಗುತ್ತಿದ್ದರು. ಅಮ್ಮ ಬಚ್ಚಲಿನ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. “ಬರ್ತಾಳೆ ಸಾರ್, ಕಳ್ಸಿದೀವಿ” ಎಂದು ಅಡಿಗೆಮನೆಯ ದನಿಯಲ್ಲಿ ಸಮಾಧಾನ ಹೇಳುತ್ತಿದ್ದಳು. ಆಮೇಲಿಂದ ಸ್ಕೂಲಿನಲ್ಲಿ ನನಗೆ ‘ಬಚ್ಚಲ ಚಿಲಕ’ ಎಂದೇ ಹೆಸರಾಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಇನ್ನೊಂದು: ಒಮ್ಮೆ ಕರೆದು ರೂಢಿಯಾದ ಮೇಲೆ ಕರೆಯುವುದು ಸುಲಭವಾಯಿತು. ಟ್ಯಾಂಕು ಖಾಲಿಯಾದರೆ ಕಿಟಕಿಯಲ್ಲಿ ಅಜ್ಜಿ. ಸ್ಕೂಲಿನ ಟೂರು ಎಂದರೆ, “ಅಲ್ಲಿ ತನಕ ನೀರಿಗೇನ್ ಮಾಡೋದು?” ಎಂದು ಅಪ್ಪ ಬೇಸರದ ಮುಖ ಮಾಡುತ್ತಿದ್ದರು. ಬೇಡ ಎನ್ನುತ್ತಿರಲಿಲ್ಲ. ನಾನೇ ಬೇಡ ಎನ್ನುತ್ತಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ನಂಬರು ಬಂತು. ತುಮಕೂರಿನ ಕಾಲೇಜಿನಲ್ಲಿ ಸೈನ್ಸ್ ಸೀಟು, ಕ್ಯಾತ್ಸಂದ್ರದಲ್ಲಿ ಹುಡುಗಿಯರ ಹಾಸ್ಟೆಲು. ನಮ್ಮ ಸೈನ್ಸ್ ಮೇಡಂ ತಾವೇ ಓಡಾಡಿ ವಿಚಾರಿಸಿದ್ದರು. ತುಮಕೂರೇನು ದೂರವೇ? ಗುಬ್ಬಿಯಲ್ಲಿ ರೈಲು ಹತ್ತಿ ಒಂದು ಪೊಟ್ಟಣ ಕಡ್ಲೆಕಾಯಿ ತಿಂದು ಮುಗಿಸುವಷ್ಟರಲ್ಲಿ ಬಂದುಬಿಡುತ್ತದೆ. ಆದರೂ ನನಗೆ ಅದು ಬೇರೆ ದೇಶ, ಬಾಗಿಲು ಒಂದು ಬೆರಳಿಗೆ ತೆರೆಯುವ ದೇಶ. ಅಪ್ಪ ಮೊದಲು ಸಂತೋಷದಿಂದ ಬೀದಿಗೆಲ್ಲ ಮೈಸೂರುಪಾಕು ಹಂಚಿದರು.  ಮೂರನೆಯ ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದರು.

“ನಮ್ಮೂರ ಕಾಲೇಜೂ ಚೆನ್ನಾಗೇ ಇದೆಯಲ್ಲಮ್ಮ.”

“ಅಲ್ಲಿ ಸೀಟ್ ಸಿಕ್ಕಿದೆಯಲ್ಲಪ್ಪ.”

“ಸಿಕ್ಕಿದೆ, ಇಲ್ಲ ಅಂದ್ನಾ? ಬೆಳಿಗ್ಗೆ ಮೋಟ್ರು ಯಾರು ಹಾಕೋರು? ಅಜ್ಜಿಗೆ ವಯಸ್ಸಾಯ್ತು. ನಾನು ಏಳಕ್ಕೇ ಹೊರಡ್ತೀನಿ. ನಿಮ್ಮಮ್ಮನ ಕೈಲಂತೂ...”

ಮುಂದಿನ ಮಾತು ಅವರು ಆಡಬೇಕಿರಲಿಲ್ಲ. ದಿನಾ ಓಡಾಡುತ್ತೇನೆ ಎಂದೆ. ರೈಲಿನ ಹೊತ್ತೂ ನೀರು ಬರುವ ಹೊತ್ತೂ ಒಂದೇ ಎಂದರು. ಅಜ್ಜಿ “ಹೆಣ್ಮಗು, ಮನೆ ಕಣ್ಮುಂದೆ ಇರ್ಲಿ ಬುಡು” ಎಂದು ಮುಗಿಸಿದಳು. ಅನ್ನಕ್ಕೆ ಸಾರು ಬಡಿಸುತ್ತಿದ್ದ ಅಮ್ಮ ಸೌಟನ್ನು ಹಾಗೇ ಹಿಡಿದು ಒಂದು ಕ್ಷಣ ನಿಂತಳು, ಮತ್ತೆ ಬಡಿಸಿದಳು. ನಾನು ಎದ್ದು ಹೋಗಿ ಹಿತ್ತಿಲಿನ ಮೋಟಾರಿನ ಪಕ್ಕ ಕೂತು ಅತ್ತೆ. ನನ್ನ ಕೈಯಾರೆ ಒಂದೊಂದೇ ಗುಟ್ಟು ಕಲಿತು ನನ್ನ ಸುತ್ತ ನಾನೇ ಗೋಡೆ ಎಬ್ಬಿಸಿಕೊಂಡಿದ್ದೆ. ಅದರ ಬಾಗಿಲಿಗೆ ಮಾತ್ರ ಯಾವ ಉಪಾಯವೂ ತೋಚಲಿಲ್ಲ.

ಉಳಿದದ್ದು ಒಂದೇ ದಾರಿ, ಅಮ್ಮನಿಗೆ ಕಲಿಸುವುದು. ಆ ವಾರವೆಲ್ಲ ಅಪ್ಪ ಹೊರಗೆ ಹೋದ ಮೇಲೆ ಅಮ್ಮನನ್ನು ಎಳೆದುಕೊಂಡು ಹೋಗಿ ಪಾಠ ಮಾಡಿದೆ. ಅಮ್ಮ ಬೇಡ ಎನ್ನಲಿಲ್ಲ. ಆದರೆ ಮೋಟಾರಿನ ಚಕ್ರವನ್ನು ತಿರುವುಮುರುವಾಗಿ ತಿರುಗಿಸುವಳು. ಮಿಕ್ಸಿಯ ಗುಂಡಿ ಒತ್ತು ಎಂದರೆ ಮುಚ್ಚಳ ಬಿಡುವಳು. ಚಟ್ನಿ ಗೋಡೆಗೆ, ನನ್ನ ಮುಖಕ್ಕೆ. ಬಾಗಿಲಿನ ಹತ್ತಿರ ಎತ್ತುವ ಮೊದಲೇ ಗುದ್ದುವಳು. ತಪ್ಪು ಮಾಡುವುದರಲ್ಲಿ ಅವಳ ಕೈ ಒಂದು ಸಲವೂ ತಪ್ಪುತ್ತಿರಲಿಲ್ಲ. ಆಗ ನನಗೆ ಅದು ಹೊಳೆಯಲಿಲ್ಲ. ಸೀಟಿಗೆ ಹೋಗಿ ಸೇರಬೇಕಾದ ಕೊನೆಯ ದಿನ ನಾಳೆ ಎನ್ನುವಾಗ ನಾನು ಹಂಚಿಕಡ್ಡಿ ಬಿಸಾಡಿ ಕಿರುಚಿದೆ.

“ನಿಂಗೆ ಯಾಕಮ್ಮ ಬರಲ್ಲ? ಇಷ್ಟೂ ಬರಲ್ವಾ ನಿಂಗೆ? ನಾನು ಇಲ್ಲೇ ಕೊಳೀತೀನಿ ಬುಡು!”

ಅಮ್ಮ ಕಡ್ಡಿಯನ್ನು ಎತ್ತಿ ಗೋಡೆಗೆ ಒರಗಿಸಿದಳು. ನನ್ನನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದು, ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ಕನ್ನಡಿ ಸಿಕ್ಕಿಸಿಕೊಂಡು ಗಡ್ಡ ಮಾಡಿಕೊಳ್ಳುತ್ತಿದ್ದರು. ನಮ್ಮೂರ ಕಾಲೇಜಿಗೆ ಹೋಗಿ ಅಡ್ಮಿಷನ್ ಮಾಡಿಸಿ ಬರುವುದೆಂದು ರಜೆ ಹಾಕಿದ್ದರು. ನಾನು ನಡುಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಏಳುವುದಿಲ್ಲ ಎಂದು ತೀರ್ಮಾನಿಸಿ. “ಶಶೀ, ಮೋಟ್ರು” ಎಂದು ಅಜ್ಜಿ ಕೂಗಿದಳು. ನಾನು ಅಲ್ಲಾಡಲಿಲ್ಲ. ಮತ್ತೊಮ್ಮೆ ಕೂಗಿದಳು. ಆಗ ಹಿತ್ತಿಲಿನಿಂದ ‘ಗುಂಯ್’ ಎಂಬ ಗೊಣಗು ಕೇಳಿಸಿತು, ಅದರ ಹಿಂದೆಯೇ ಮೋಟಾರು ಸಲೀಸಾಗಿ ಹೊರಟ ಸದ್ದು. ಟ್ಯಾಂಕಿಗೆ ನೀರು ಬೀಳತೊಡಗಿತು. ನಾನು ತಲೆ ಎತ್ತಿದೆ. ಅಮ್ಮ ಹಿತ್ತಿಲ ಬಾಗಿಲಿನಿಂದ ಬಂದಳು, ಬಳೆಗಳನ್ನು ಮೊಣಕೈ ತನಕ ಸರಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಅಡಿಗೆಮನೆಗೆ ಹೋದಳು, ಮಿಕ್ಸಿ ಕೂಗಿತು, ಆ ‘ಎಲ್ಲೋ’ ಎನ್ನುವ ಜಾಗದಲ್ಲಿ ಕಿಂಚಿತ್ತೂ ಕೆಮ್ಮದೆ. ಪಡಸಾಲೆಗೆ ಬಂದು ಪೊರಕೆಯಿಂದ ಫ್ಯಾನು ನೂಕಿದಳು, ಟಿವಿಯ ಬೆನ್ನು ತಟ್ಟಿದಳು. ಯಾರೋ ಸಮಾಚಾರ ಓದತೊಡಗಿದರು. ಅಪ್ಪ ಅರ್ಧ ಗಡ್ಡದ ಸೋಪಿನಲ್ಲೇ ಒಳಗೆ ಬಂದು ನಿಂತರು. ಅಮ್ಮ ಅವರನ್ನು ದಾಟಿ ಹೊರಗೆ ಹೋಗಿ ಮುಂಬಾಗಿಲನ್ನು ಎಳೆದುಕೊಂಡಳು. ಅದು ಹೊಸ್ತಿಲು ಕಚ್ಚಿಕೊಂಡಿತು. ಅಷ್ಟರಲ್ಲಿ ನಾನೂ ಎದ್ದು ಬಂದಿದ್ದೆ. ಒಳಗೆ ನಾವು ಮೂವರೂ ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತೆವು. ಆಮೇಲೆ ಹೊರಗಿನಿಂದ ಒಂದೇ ಒಂದು ಗುದ್ದು. ಬಾಗಿಲು ತೆರೆಯಿತು.

“ಎಡಕ್ಕೆ ವಾಲಿದ್ಲು!” ಸದ್ದಿನಲ್ಲೇ ಗುರುತು ಹಿಡಿದು ಅಪ್ಪ ಮೈಮರೆತು ಕೂಗಿದರು. “ಸರಿಯಾಗಿ ವಾಲಿದ್ಲು ನೋಡು!” ಅಷ್ಟರಲ್ಲಿ ಅವರಿಗೆ ಅರ್ಥವಾಯಿತು. ದನಿ ಇಳಿಯಿತು. “ಜಯಾ... ನಿಂಗೆ ಬರುತ್ತಾ?”

“ಬರುತ್ತೆ.”

“ಯಾವಾಗಿಂದ?”

“ನೀವು ಸ್ಕೂಲಿಗೆ, ಅವ್ಳು ಸ್ಕೂಲಿಗೆ, ಅತ್ತೆ ಬೀದಿಗೆ. ಎಲ್ರೂ ಹೋದ್ಮೇಲೆ ಟ್ಯಾಂಕು ಖಾಲಿಯಾದ್ರೆ ಯಾರ್ ತುಂಬ್ತಿದ್ರು ಅನ್ಕಂಡಿದ್ರಿ?”

“ಮತ್ತೆ ಬರಲ್ಲ ಅಂತ ಯಾಕಂದೆ ಇಷ್ಟು ವರ್ಷ?”

“ಬರುತ್ತೆ ಅಂದಿದ್ರೆ ನೀವು ಇನ್ನೂ ನಾಲ್ಕು ತಂದು ಗುಡ್ಡೆ ಹಾಕ್ತಿದ್ರಿ. ಇವತ್ತು ಅಂದಿದೀನಲ್ಲ, ಬರುತ್ತೆ ಅಂತ. ಇನ್ಮೇಲೆ ಎಲ್ಲಾ ನಾನೇ ಮಾಡ್ತೀನಿ. ಅವ್ಳನ್ನ ಕಳ್ಸಿ.”

ಅಜ್ಜಿಗೆ ಆಗ ನೆನಪಾಯಿತು. “ಅಯ್ಯೋ ಮನೆಹಾಳಿ! ಹೆಡ್‌ಮೇಷ್ಟ್ರನ್ನ ಅಷ್ಟೊತ್ತು ಬಚ್ಚಲಲ್ಲಿ ಕೂರ್ಸಿದ್ದೀಯಲ್ಲೇ!” ಎಂದಳು. ಅಮ್ಮ ಮೊದಲ ಸಲ ನಕ್ಕಳು.

ಅಪ್ಪ ಮುಖದ ಸೋಪು ಒಣಗುವ ತನಕ ಹಾಗೇ ನಿಂತಿದ್ದರು. ಆಮೇಲೆ ಗಡ್ಡ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನನ್ನು ಕರೆದುಕೊಂಡು ತುಮಕೂರಿಗೇ ಹೊರಟರು. ಹೊರಡುವ ಮುಂಚೆ ಅಮ್ಮ ನನ್ನ ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು.

“ಹಂಗಾದ್ರೆ ನನ್ನ ಯಾಕೆ ಕರೆಸ್ತಿದ್ರಿ? ಸ್ಕೂಲಿಂದ, ಕುಣಿಗಲ್ಲಿಂದ? ನೀನು ಒಂದ್ ಮಾತು ಅಂದಿದ್ರೆ ಆಗ್ತಿತ್ತಲ್ಲಮ್ಮ!”

ಅಮ್ಮ ಲಂಗದ ನೆರಿಗೆ ಸರಿಮಾಡುತ್ತ ಹೇಳಿದಳು. ಕುಣಿಗಲ್ಲಿನ ಅವರ ಮನೆಯಲ್ಲಿ ಒಂದು ಪಂಪ್ ಸ್ಟೌ ಇತ್ತಂತೆ. ಒಮ್ಮೆ ಭಗ್ಗನೆ ಉರಿದು ಅವಳ ತಾಯಿ ಹೆದರಿಬಿಟ್ಟಿದ್ದರು, ಆಮೇಲೆ ಯಾರೂ ಅದರ ಹತ್ತಿರ ಹೋಗುತ್ತಿರಲಿಲ್ಲ. ಅಮ್ಮನಿಗೆ ಮಾತ್ರ ಅದು ಪಳಗಿತ್ತು: ಪಿನ್ನು ಹಾಕುವುದು ಯಾವಾಗ, ಗಾಳಿ ಎಷ್ಟು, ನೀಲಿ ಉರಿ ಬರುವ ಮುಂಚಿನ ಸದ್ದು ಹೇಗಿರುತ್ತದೆ. ಜಯನ ಕೈಯಲ್ಲಿ ಮಂತ್ರ ಇದೆ ಎಂದು ಮನೆಯವರೆಲ್ಲ ಕೊಂಡಾಡಿದರು. ಏಳನೇ ಕ್ಲಾಸು ಮುಗಿದ ಮೇಲೆ, ಇವಳು ಸ್ಕೂಲಿಗೆ ಹೋದರೆ ಬೆಳಿಗ್ಗೆ ಸ್ಟೌ ಹಚ್ಚುವವರು ಯಾರು ಎಂಬ ಮಾತು ಬಂತು. ಅಲ್ಲಿಗೆ ಸ್ಕೂಲು ನಿಂತಿತು.

“ಯಾರೂ ಕಟ್ಟಾಕ್ಲಿಲ್ಲ ಕಣೆ. ಹೊಗಳ್ತಾ ಹೊಗಳ್ತಾನೇ ಕಟ್ಟಾಕ್ಬುಟ್ರು. ಈ ಮನೆಗೆ ಬಂದ ದಿನಾನೇ ಅನ್ಕೊಂಡೆ, ಇಲ್ಲಿ ಏನೂ ಬರಲ್ಲ ನಂಗೆ ಅಂತ. ದಡ್ಡಿ ಅಂತ ಬೈದ್ರೆ ಬೈಲಿ.”

“ಮತ್ತೆ ನಾನು?”

ಅವಳು ಬ್ಯಾಗಿನ ಜಿಪ್ಪಿಗೆ ಮೇಣದಬತ್ತಿ ಉಜ್ಜಿದಳು, ಎಳೆದು ನೋಡಿದಳು.

“ನೀನು ಕುಣ್ಕೊಂಡು ಮಾಡ್ತಿದ್ದೆ. ಖುಷಿಯಾಗವ್ಳೆ ಅನ್ಕೊಂಡೆ. ಹಂಗೆ ಅನ್ಕೊಳ್ಳೋದು ನಂಗೂ ಸಲೀಸಾಗಿತ್ತು. ನೆನ್ನೆ ಮೋಟ್ರು ಹತ್ರ ನಿನ್ ಮುಖ ನೋಡ್ದೆ. ಸ್ಟೌ ಮುಂದೆ ಕೂತಿದ್ನಲ್ಲ ನಾನು, ಅದೇ ಮುಖ.”

ಅಮ್ಮನ ಹತ್ತಿರ ಆ ಮನೆಯಲ್ಲಿ ತನ್ನದು ಎಂದು ಇದ್ದದ್ದು ಅದೊಂದೇ, ‘ಬರಲ್ಲ’ ಎನ್ನುವ ಮಾತು. ಅದರ ಹಿಂದೆ ಅವಳು ಮುಳ್ಳುಬೇಲಿಯ ಹಿಂದಿನ ಹಿತ್ತಿಲಿನ ಹಾಗೆ ಒಂದಿಷ್ಟು ಜಾಗ ಕಾಪಾಡಿಕೊಂಡಿದ್ದಳು. ಅಂದು ಬೆಳಿಗ್ಗೆ ಅದನ್ನು ನನಗಾಗಿ ಬಿಟ್ಟುಕೊಟ್ಟಳು. ಹಾಸ್ಟೆಲಿನ ಮೊದಲ ದಿನಗಳಲ್ಲಿ ಇದು ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಕ್ಯಾತ್ಸಂದ್ರದಲ್ಲಿ ಗೆಳತಿಯರ ಜೊತೆ ತಟ್ಟೆ ಇಡ್ಲಿ ತಿನ್ನುವಾಗ, ಯಾರೂ ನನ್ನನ್ನು ಕರೆಯುತ್ತಿಲ್ಲ ಎನ್ನುವುದೇ ಒಂದು ರುಚಿಯಾಗಿತ್ತು. ಮೊದಲ ಸಲ ಊರಿಗೆ ಹೋದಾಗ ಬಾಗಿಲು ತೆಗೆದವಳು ಅಮ್ಮ. ರಾತ್ರಿ ಅಡಿಗೆಮನೆ ಸಾರಿಸಿ ಕೂತು ಕಾಲಿಗೆ ಹರಳೆಣ್ಣೆ ಹಚ್ಚಿಕೊಳ್ಳುತ್ತಿದ್ದಾಗ ನೋಡಿದೆ, ಅವಳ ಬಲಮಂಡಿ ಕಪ್ಪಾಗತೊಡಗಿತ್ತು. ರಹಮತ್ ಅವರನ್ನು ಕರೆಸೋಣ ಎಂದು ಅಪ್ಪನ ಹತ್ತಿರ ಜಗಳವಾಡಿದೆ. ಅಪ್ಪ ನಕ್ಕು, “ನಿಮ್ಮಮ್ಮಂಗೆ ಈಗ ನನಗಿಂತ ಚೆನ್ನಾಗಿ ಬರುತ್ತೆ ಕಣೆ” ಎಂದರು, ನನ್ನನ್ನು ಹೊಗಳುತ್ತಿದ್ದರಲ್ಲ, ಅದೇ ದನಿಯಲ್ಲಿ.

ಅಪ್ಪ ಹೋದ ಮೇಲೆ ಅಮ್ಮ ತುಮಕೂರಿಗೆ ನನ್ನ ಮನೆಗೆ ಬಂದಳು. ಗುಬ್ಬಿಯ ಮನೆಯನ್ನು ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗನಿಗೆ ಬಾಡಿಗೆಗೆ ಕೊಟ್ಟೆವು. ಅವನು ಬಂದ ವಾರವೇ ಬಾಗಿಲು ಇಳಿಸಿ, ಕೆಳಗೆ ಉಜ್ಜಿಸಿ, ಮತ್ತೆ ಕೂರಿಸಿದ. ರಹಮತ್ ಅವರ ಮಗ ಬಂದು ಮಾಡಿಕೊಟ್ಟನಂತೆ. ಅರ್ಧ ಗಂಟೆಯೂ ಹಿಡಿಯಲಿಲ್ಲವಂತೆ. ಫೋನಿನಲ್ಲಿ ಇದನ್ನು ಕೇಳಿ ನಾನು ಅಮ್ಮನಿಗೆ ಹೇಳಿದೆ. ಅಮ್ಮ “ಹೂಂ” ಎಂದಳು, ಮಂಡಿ ಸವರಿಕೊಂಡಳು.

ಈಗ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪ್ರೊಜೆಕ್ಟರ್ ಹತ್ತದಿದ್ದರೆ, ಯಾರದ್ದೋ ಫೋನು ನೀರಿಗೆ ಬಿದ್ದರೆ, ಪ್ರಿಂಟರು ಕಾಗದ ನುಂಗಿದರೆ “ಶಶಿ ಮೇಡಂ” ಎಂದು ಕೂಗುತ್ತಾರೆ. ಬರಲ್ಲ ಎನ್ನಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತೇನೆ, ಅಷ್ಟರಲ್ಲಿ ಕೈ ಮುಂದೆ ಹೋಗಿರುತ್ತದೆ. ಅಮ್ಮನಿಗೂ ಒಂದು ದೊಡ್ಡ ಫೋನು ಕೊಡಿಸಿದ್ದೇನೆ. ಅವಳು ಅದನ್ನು ಮುಟ್ಟುವುದಿಲ್ಲ. “ನಂಗೆ ಬರಲ್ಲಮ್ಮ, ನೀನೇ ಹಾಕ್ಕೊಡು” ಎಂದು ಕೈಚಾಚುತ್ತಾಳೆ. ಹಾಕಿಕೊಟ್ಟದ್ದನ್ನು ಮಂಚದ ಮೇಲೆ ಕಾಲು ಚಾಚಿ ನೋಡುತ್ತಾಳೆ. ಮೊನ್ನೆ ಕ್ಲಾಸು ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದೆ. ಕೋಣೆಯಿಂದ ನಗು ಕೇಳಿಸಿತು. ಬಾಗಿಲ ಸಂದಿಯಿಂದ ನೋಡಿದರೆ ಅಮ್ಮ ಫೋನನ್ನು ತಲೆದಿಂಬಿಗೆ ಒರಗಿಸಿ ನಿಲ್ಲಿಸಿಕೊಂಡು, ಕುಣಿಗಲ್ಲಿನ ತಂಗಿಯ ಜೊತೆ ಮುಖ ನೋಡಿಕೊಂಡು ಮಾತಾಡುತ್ತಿದ್ದಳು. ಬೆಳಕು ಸಾಲದೆಂದು ಫೋನನ್ನು ಕಿಟಕಿಯ ಕಡೆ ತಿರುಗಿಸಿದಳು, ಬೆರಳಲ್ಲಿ ಒಮ್ಮೆ ಒತ್ತಿ ದನಿ ಏರಿಸಿದಳು. ಹೆಜ್ಜೆ ಸದ್ದು ಕೇಳಿ ತಿರುಗಿದವಳು ನನ್ನನ್ನು ಕಂಡು ಫೋನನ್ನು ಮಗುಚಿ ಹಾಕಿದಳು.

“ಅದೇ ಬಂದ್ಬುಡ್ತು ಕಣೆ,” ಎಂದಳು. “ಏನೋ ಒತ್ತಿಹೋಗಿರ್ಬೇಕು. ನಂಗೆಲ್ಲಿ ಬರುತ್ತೆ ಇದೆಲ್ಲ.”

ನಾನು ಬ್ಯಾಗು ಇಟ್ಟು, ಅವಳ ಪಕ್ಕದಲ್ಲಿ ಕೂತು, ಬಲಮಂಡಿಯನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡು ಎಣ್ಣೆ ಹಚ್ಚತೊಡಗಿದೆ.

“ಹೌದು ಬುಡಮ್ಮ, ನಿಂಗೆ ಬರಲ್ಲ,” ಎಂದೆ. “ನಾನೇ ಹಾಕ್ಕೊಡ್ತೀನಿ.”